ಜ್ವರ ಬಿಟ್ಟ ದಿನ

ಕೆಲಮಂಗಲ
9 ಜೂನ್ 2024

ವನಿತಾಳಿಗೆ,

ಕ್ಷೇಮ ಸಮಾಚಾರ ಕೇಳುವುದಕ್ಕೆ ಬರೆಯುತ್ತಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ನಿನ್ನ ನಂಬರು ತೆಗೆದುಹಾಕಿ ಏಳೆಂಟು ತಿಂಗಳಾಯಿತು. ಕಾಗದವಾದರೆ ನಾನು ಹೇಳಿ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕಲಾಗದು.

ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ನಿಮ್ಮ ಚರ್ಚಿನ ಸಭೆಯ ತಿಂಗಳ ಪುಸ್ತಕ ಹಂಚುತ್ತಿದ್ದರು. ಸೆಕೆಗೆ ಬೀಸಿಕೊಳ್ಳಲು ಆಗುತ್ತದೆ ಎಂದು ಒಂದು ತೆಗೆದುಕೊಂಡೆ. ತಮಿಳು ಪುಟಗಳೆಲ್ಲ ಮುಗಿದ ಮೇಲೆ ಎರಡು ಪುಟ ಕನ್ನಡ. ಕೆಳಗೆ ‘ಸಹೋದರಿ ವನಿತಾ ನರೇಶ್, ಕೃಷ್ಣಗಿರಿ’ ಎಂದಿತ್ತು. ನನ್ನ ತಂಗಿ ಏನು ಬರೆದಿದ್ದಾಳೋ ನೋಡೋಣ ಎಂದು ಬಸ್ಸಿನಲ್ಲಿ ಕೂತು ಓದಿದೆ.

‘ನನಗೆ ತಿಳಿದ ಒಂದು ಮನೆ’ ಎಂದು ಶುರು ಮಾಡಿದ್ದೀಯ. ಒಂಬತ್ತು ವರ್ಷದ ಹೆಣ್ಣುಮಗುವಿಗೆ ಜ್ವರ. ತಾಯಿ ತಂದೆ ಗುಡಿಯಲ್ಲಿ ದಾರ ಕಟ್ಟಿಸಿ, ದಾರವನ್ನೇ ನಂಬಿ ಕೂತರು, ಮಗು ಹೋಯಿತು. ಚಿನ್ನವನ್ನು ಬೆಂಕಿಗೆ ಹಾಕುವ ಹಾಗೆ ದೇವರು ಆ ಮನೆಯನ್ನು ಕುಲುಮೆಗೆ ಹಾಕಿದ್ದಾನೆ, ಈ ದುಃಖದ ಮೂಲಕ ಅವರನ್ನು ತನ್ನ ಕಡೆಗೆ ಕರೆಯುತ್ತಿದ್ದಾನೆ. ಇದು ಆ ಪುಟದಲ್ಲಿ ನೀನು ಬರೆದ ‘ಧ್ಯಾನ’.

ಊರಿನ ಹೆಸರಿಲ್ಲ, ನನ್ನ ಹೆಸರಿಲ್ಲ. ಆದರೆ ಮಗು ಎಡಗೈಯಲ್ಲಿ ಬರೆಯುತ್ತಿತ್ತು ಎಂದು ಬರೆದಿದ್ದೀಯ. ನನ್ನ ಲೇಖಾಳ ಎಡಗೈಯನ್ನು ನಿನ್ನ ಪುಸ್ತಕಕ್ಕೆ ಯಾಕೆ ಎಳೆದೆ? ಪಕ್ಕದಲ್ಲಿ ಕೂತಿದ್ದ ಅಂಜಮ್ಮ ನನ್ನ ಮುಖ ನೋಡಿ, “ಯಾಕಮ್ಮಿ, ಯಾರಾದ್ರೂ ಹೋಗ್ಬುಟ್ರಾ?” ಎಂದಳು. “ಹೂಂ, ನನ್ ಮಗ್ಳು. ಇದು ಎರಡ್ನೇ ಸಲ” ಎಂದೆ.

ಇನ್ನೊಂದು ಅಕ್ಷರ ಅವಳ ಬಗ್ಗೆ ಬರೆದರೆ ನಾನೇ ನಿಮ್ಮ ಸಭೆಗೆ ಬಂದು ಎಲ್ಲರ ಮುಂದೆ ಆ ಪುಟ ಹರಿದು ಹಾಕುತ್ತೇನೆ. ಈ ಮನೆಗೆ ಕಾಲಿಡಬೇಡ.

ಮಂಗಳಾ

---

ಕೃಷ್ಣಗಿರಿ
17 ಜೂನ್ 2024

ಕರ್ತನಲ್ಲಿ ಪ್ರಿಯಳಾದ ಅಕ್ಕನಿಗೆ, ಸ್ತೋತ್ರ.

ನಿನ್ನ ಕಾಗದ ನೋಡಿ ಅತ್ತೆ. ಆಮೇಲೆ ಮೊಣಕಾಲೂರಿ ನಿನಗಾಗಿ ಪ್ರಾರ್ಥಿಸಿದೆ. ಅಕ್ಕಾ, ನಿನ್ನನ್ನು ನೋಯಿಸಬೇಕೆಂದು ಬರೆದದ್ದಲ್ಲ. ಹೆಸರು ಬೇಕೆಂದೇ ಬಿಟ್ಟೆ. ಆ ಪುಟವನ್ನು ಭಾನುವಾರ ಪಾಸ್ಟರಯ್ಯ ಸಭೆಯಲ್ಲಿ ಓದಿಸಿದಾಗ ಎಷ್ಟೋ ಜನ ಕಣ್ಣೀರು ಹಾಕಿದರು. ಲೇಖಾಳ ಬದುಕು ಚಿಕ್ಕದಾದರೂ ಯಾರಿಗೋ ದಾರಿ ತೋರಿಸಿತು ಎಂದು ನನಗೆ ಸಮಾಧಾನವಾಯಿತು.

ನಿನ್ನ ಕೋಪ ನನ್ನ ಮೇಲಿನದ್ದಲ್ಲ, ದೇವರ ಮೇಲಿನದು. ಅದು ತಪ್ಪಲ್ಲ. ಸತ್ಯವೇದದಲ್ಲಿ ಮಾರ್ಥ ಎಂಬವಳು ಬರುತ್ತಾಳೆ. ಅವಳ ತಮ್ಮ ಕಾಯಿಲೆ ಬಿದ್ದಾಗ ಯೇಸುಸ್ವಾಮಿಗೆ ಹೇಳಿ ಕಳುಹಿಸಿದಳು. ಸ್ವಾಮಿ ತಡಮಾಡಿ ಬಂದರು. ಅಷ್ಟರಲ್ಲಿ ತಮ್ಮನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿತ್ತು. ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು ಅವಳು ಸ್ವಾಮಿಯ ಮುಖಕ್ಕೇ ಹೇಳಿದಳು. ಆ ತಡದಲ್ಲೂ ಒಂದು ಉದ್ದೇಶವಿತ್ತು. ನಮ್ಮ ಮನೆಯಲ್ಲಿ ಆದ ತಡಕ್ಕೂ ಒಂದು ಉದ್ದೇಶ ಇದ್ದೇ ಇರುತ್ತದೆ. ನಂಬು ಅಕ್ಕಾ. ಇಂದು ಕಾಣದ್ದು ನಾಳೆ ಕಾಣುತ್ತದೆ.

ಭಾವನಿಗೆ ನನ್ನ ವಂದನೆ ತಿಳಿಸು.

ನಿನ್ನ ತಂಗಿ,
ವನಿತಾ

---

ಕೆಲಮಂಗಲ
25 ಜೂನ್ 2024

ವನಿತಾಳಿಗೆ,

ಮಾರ್ಥಳ ತಮ್ಮ ಎದ್ದು ಬಂದನಂತೆ. ನಿಮ್ಮ ಹೆಂಗಸರೇ ಒಮ್ಮೆ ಹೇಳಿದ್ದರು. ಆ ಭಾಗವನ್ನು ನೀನು ಬರೆಯಲಿಲ್ಲ. ಬರೆದಿದ್ದರೆ, ನನ್ನ ಮಗಳು ಎಲ್ಲಿ ಎಂದು ಕೇಳುತ್ತಿದ್ದೆ.

ಬರೆಯದೆ ಬಿಡುವುದರಲ್ಲಿ ನೀನು ಜಾಣೆ. ನೀನು ಬಿಟ್ಟದ್ದನ್ನು ನಾನು ಬರೆಯುತ್ತೇನೆ, ಓದಿಕೋ.

ಮುನೇಶ್ವರನ ದಾರ ಕಟ್ಟಿಸಿದ್ದು ಎರಡನೇ ದಿನ. ಅದೇ ದಿನ ಕ್ಲಿನಿಕ್ಕಿಗೂ ಕರೆದುಕೊಂಡು ಹೋಗಿದ್ದೆವು. ಮಾತ್ರೆ ಕೊಟ್ಟು, ಕಡಿಮೆಯಾಗದಿದ್ದರೆ ಹೊಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದಿದ್ದರು. ನಾಲ್ಕನೇ ದಿನ, ಬುಧವಾರ, ನಮ್ಮನೆಯವರು ಕಂಪನಿಗೆ ಹೋಗಿದ್ದರು. ಶಿಫ್ಟಿನೊಳಗೆ ಫೋನು ಬಿಡುವುದಿಲ್ಲ. ಮಗುವನ್ನು ಕರೆದುಕೊಂಡು ಹೋಗೋಣ ಎಂದು ನಾನೇ ಬಾಲಾಜಿಯ ಆಟೋ ಹೇಳಿದ್ದೆ. ಹನ್ನೊಂದರ ಬಸ್ಸಿಗೆ ನೀನು ಬಂದೆ. ಮಗುವಿನ ಹಣೆಯ ಮೇಲೆ ಕೈಯಿಟ್ಟು ಎರಡು ಗಂಟೆ ಪ್ರಾರ್ಥನೆ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅವಳು ಬೆವೆತಳು. ಆಗ ನೀನು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ನೋಡಕ್ಕ, ಮೈ ಬೆವ್ತೈತೆ. ಜ್ವರ ಬಿಟ್ಬುಡ್ತು. ಸ್ವಾಮಿ ಮುಟ್ಟವ್ರೆ. ಇನ್ಯಾಕೆ ಆಸ್ಪತ್ರೆ, ಮಗೀಗೆ ಸೂಜಿ ಚುಚ್ಸಕ್ಕಾ? ನಂಬ್ಕೆ ಮಡಗು.”

ಆಟೋ ವಾಪಸ್ ಹೋಯಿತು. ನೀನು ಐದರ ಬಸ್ಸಿಗೆ ನಗುನಗುತ್ತಾ ಹೋದೆ. ಆರಕ್ಕೆ ಮಗು ಹೊಟ್ಟೆ ನೋವು ಎಂದಳು. ಅವಳ ಕೈಕಾಲು ಮುಟ್ಟಿದೆ, ತಣ್ಣಗಿದ್ದವು. ಅವರು ಕಂಪನಿ ಬಸ್ಸಿಳಿದು ಬಂದ ಕೂಡಲೇ ಪಕ್ಕದ ಮನೆಯವರ ಕಾರಿನಲ್ಲಿ ಓಡಿದೆವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು ಒಂದೇ ಮಾತು. “ಕಾಯ್ಚಲ್ ಎಪ್ಪೋ ವಿಟ್ಟುಚ್ಚು?” ಜ್ವರ ಯಾವಾಗ ಬಿಟ್ಟಿತು ಎಂದು. ಮಧ್ಯಾಹ್ನ ಎಂದೆ. ಅವರು ತಲೆ ಚಚ್ಚಿಕೊಂಡರು. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೇ ಅಪಾಯವಂತೆ, ರಕ್ತದ ನೀರು ಮೈಯೊಳಗೇ ಸೋರುತ್ತದಂತೆ, ಆಗಲೇ ಕರೆತರಬೇಕಿತ್ತಂತೆ. ನೀನು ಸ್ತೋತ್ರ ಹೇಳುತ್ತಿದ್ದ ಹೊತ್ತಿಗೆ ನನ್ನ ಮಗಳು ಒಳಗೇ ಸೋರಿಹೋಗುತ್ತಿದ್ದಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋದಳು.

ಇದನ್ನು ಬರೆ. ನಿನ್ನ ಎರಡು ಪುಟಕ್ಕೆ ಸರಿಯಾಗಿ ಹಿಡಿಸುತ್ತದೆ.

ಮಂಗಳಾ

---

ಕೃಷ್ಣಗಿರಿ
30 ಜುಲೈ 2024

ಅಕ್ಕನಿಗೆ,

ಒಂದು ತಿಂಗಳು ಉತ್ತರ ಬರೆಯದೆ ಕೂತಿದ್ದೆ. ಸುಮ್ಮನಿದ್ದರೆ ಪಾಪವೆಲ್ಲ ನನ್ನ ತಲೆಗೇ ಎಂದು ಒಪ್ಪಿಕೊಂಡಂತಾಗುತ್ತದೆ ಅನ್ನಿಸಿ ಬರೆಯುತ್ತಿದ್ದೇನೆ.

‘ಆಟೋ ವಾಪಸ್ ಹೋಯಿತು’ ಎಂದು ಬರೆದಿದ್ದೀಯ. ಅದೇನು ತಾನಾಗಿ ಹೋಯಿತೇ? ಅಂಗಳಕ್ಕೆ ಇಳಿದು ಬಾಲಾಜಿಗೆ ಹೋಗೆಂದವರು ಯಾರು? ನಾನಲ್ಲ. ಬೆಳಿಗ್ಗೆ ಬಿಡಿಸಿದ ಟೊಮೆಟೊ ಚಪ್ಪರದ ಕೆಳಗೆ ಕ್ರೇಟುಗಳಲ್ಲಿ ತುಂಬಿತ್ತು. ರಾಯಕೋಟೆ ಮಂಡಿಯ ಟೆಂಪೊ ನಾಲ್ಕಕ್ಕೆ ಬರುವುದಿತ್ತು. ಲೋಡ್ ಮಾಡಿಸಲು ಮನೆಯಲ್ಲಿ ನೀನೊಬ್ಬಳೇ. ನಾನು ಜ್ವರ ಬಿಟ್ಟಿತು ಎಂದಾಗ ನಿನ್ನ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ನಿನಗೆ ಆಗ ಬೇಕಾಗಿದ್ದದ್ದು ಅದೇ ಮಾತು, ಅದನ್ನೇ ನಾನು ಹೇಳಿದೆ. ನಾನು ಒಳಗೆ ಮಗುವಿನ ಪಕ್ಕದಲ್ಲಿದ್ದೆ, ನೀನು ಟೆಂಪೊ ಹತ್ತಿರ ಇದ್ದೆ.

ನನ್ನನ್ನು ಕೊಲೆಗಾರ್ತಿ ಎನ್ನುವ ಮುಂಚೆ ಭಾವನಿಗೆ ಇದನ್ನೂ ಹೇಳು. ನೀನು ಹೇಳಿರುವುದಿಲ್ಲ, ನನಗೆ ಗೊತ್ತು. ಕರ್ತನು ನಿನ್ನನ್ನು ಕ್ಷಮಿಸಲಿ.

ವನಿತಾ

---

ಕೆಲಮಂಗಲ
8 ಆಗಸ್ಟ್ 2024

ವನಿತಾಳಿಗೆ,

ನಾನು ಹೇಳಬೇಕಾಗಿ ಬರಲಿಲ್ಲ. ನಿನ್ನ ಕಾಗದ ಬಂದ ದಿನ ಅವರಿಗೆ ವಾರದ ರಜೆ. ಪೋಸ್ಟಿನವನು ಅವರ ಕೈಗೇ ಕೊಟ್ಟ. ನಿನ್ನ ಕೈಬರಹ ನೋಡಿ ಅವರೇ ಒಡೆದು ಓದಿದರು.

ಅಂದು ಆಟೋ ಬಂದಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ. ಆಟೋ ಸಿಗಲಿಲ್ಲ ಎಂದು ನಾನು ಹೇಳಿದ್ದೆ. ಹೌದು, ಸುಳ್ಳು ಹೇಳಿದ್ದೆ. ಹತ್ತು ತಿಂಗಳು ಆ ಸುಳ್ಳಿನ ಮೇಲೆ ಅನ್ನ ಬೇಯಿಸಿ ಬಡಿಸಿದ್ದೇನೆ.

ಅವರು ಕೂಗಾಡಲಿಲ್ಲ. “ಟೆಂಪೊಗೆ ಲೋಡ್ ಮಾಡ್ಸಕ್ಕೆ ನಿಂತ್ಕಂಡ್ಯಾ ಮಂಗಳಾ?” ಎಂದು ಕೇಳಿದರು ಅಷ್ಟೆ. ಬಟ್ಟೆ ಬ್ಯಾಗಿಗೆ ತುಂಬಿಕೊಂಡರು. ಈಗ ಮತ್ತಿಗಿರಿಯಲ್ಲಿ, ಕಂಪನಿಯಲ್ಲಿ ಅವರ ಜೊತೆ ಕೆಲಸ ಮಾಡುವ ಮುನೀಶನ ರೂಮಿನಲ್ಲಿದ್ದಾರೆ. ಆರು ದಿನವಾಗಿದೆ ಎಂದು ಊರಿನವರು ಲೆಕ್ಕ ಹಾಕುತ್ತಿದ್ದಾರೆ, ನಾನು ಹಾಕುತ್ತಿಲ್ಲ.

ನೀನು ಗೆದ್ದೆ. ನಿಮ್ಮ ಸಭೆಯಲ್ಲಿ ಇದಕ್ಕೂ ಸ್ತೋತ್ರ ಹೇಳಿಸು.

ಮಂಗಳಾ

---

ಕೃಷ್ಣಗಿರಿ
28 ಆಗಸ್ಟ್ 2024

ಅಕ್ಕಾ,

ಭಾವ ಆ ಕಾಗದ ಓದುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬರೆಯುತ್ತಿದ್ದೆನೋ ಏನೋ. ಆ ದಿನ ನನ್ನೊಳಗೆ ಅಷ್ಟು ಕೆಟ್ಟತನವಿತ್ತು.

ಕಳೆದ ವಾರ ಮತ್ತಿಗಿರಿಗೆ ಹೋಗಿದ್ದೆ. ಭಾವ ಶಿಫ್ಟ್ ಮುಗಿಸಿ ಬರುವವರೆಗೆ ರೂಮಿನ ಮೆಟ್ಟಿಲ ಮೇಲೆ ಕಾದೆ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. “ಯಾಕ್ ಬಂದೆ? ಹೇಳಕ್ಕೆ ಇನ್ನೇನ್ ಉಳ್ಕೊಂಡೈತೆ?” ಎಂದರು.

“ಆಟೋ ಹೋಗಿದ್ದು ನನ್ ಮಾತಿನ್ ಮ್ಯಾಲೆ ಭಾವ” ಎಂದೆ. “ಅಕ್ಕ ಎರಡು ಸಲ ಕೇಳಿದ್ಳು, ಎಲ್ದಕ್ಕೂ ಒಂದ್ಸಲ ತೋರ್ಸ್ಕಂಡ್ ಬರಾಣ್ವಾ ಅಂತ. ಎರಡು ಸಲಾನೂ ನಾನೇ ಬ್ಯಾಡ ಅಂದೆ. ಆಸ್ಪತ್ರೆಗೋದ್ರೆ ಸ್ವಾಮಿ ಮ್ಯಾಲೆ ನಂಬ್ಕೆ ಇಲ್ದಂಗಾಯ್ತದೆ ಅಂದೆ. ಅಕ್ಕ ಹೆದ್ರಿ ಸುಮ್ನಾದ್ಳು. ಅದನ್ನ ಕಾಗದ್ದಾಗೆ ಬರೀಲಿಲ್ಲ ನಾನು.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೆದ್ರಿಕೆ ಭಾವ.”

ಬಾಗಿಲು ಹಾಕಿಕೊಂಡರು. ಅಷ್ಟೇ ಆದದ್ದು.

ನಾನು ಓದುವ ಪುಸ್ತಕದಲ್ಲಿ ಯೋಬ ಎಂಬವನ ಕಥೆಯಿದೆ. ಇದು ನಿನಗೆ ಬೋಧನೆಯಲ್ಲ, ನನ್ನ ತಪ್ಪು ಒಪ್ಪಿಕೊಳ್ಳಲು ಬರೆಯುತ್ತಿದ್ದೇನೆ. ಅವನ ಮಕ್ಕಳೆಲ್ಲ ಸತ್ತಾಗ ಮೂವರು ಸ್ನೇಹಿತರು ಬರುತ್ತಾರೆ. ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಆಮೇಲೆ ಬಾಯಿ ತೆರೆದು, ದೇವರು ಯಾಕೆ ಹೀಗೆ ಮಾಡಿದ ಎಂದು ವಿವರಿಸಲು ಶುರು ಮಾಡುತ್ತಾರೆ. ನಿನ್ನಲ್ಲೇ ಏನೋ ತಪ್ಪಿರಬೇಕು ಎನ್ನುತ್ತಾರೆ. ಯೋಬ ದೇವರ ಮೇಲೆ ಕೂಗಾಡುತ್ತಾನೆ. ಕಡೆಗೆ ದೇವರು ಸಿಟ್ಟಾದದ್ದು ಕೂಗಾಡಿದವನ ಮೇಲಲ್ಲ, ತನ್ನ ಪರವಾಗಿ ಅಷ್ಟೆಲ್ಲ ವಾದ ಮಾಡಿದ ಆ ಮೂವರ ಮೇಲೆ. ನರೇಶನನ್ನು ಮದುವೆಯಾಗಿ ಈ ದಾರಿಗೆ ಬಂದು ಹನ್ನೆರಡು ವರ್ಷ ಅದನ್ನು ಓದಿದ್ದೇನೆ. ಪ್ರತಿ ಸಲವೂ ನನ್ನನ್ನು ಯೋಬನ ಜಾಗದಲ್ಲೇ ಇಟ್ಟುಕೊಂಡು ಓದಿದೆ. ನಾನು ಆ ಮೂವರಲ್ಲಿ ಒಬ್ಬಳು ಎಂದು ಈಗ ಗೊತ್ತಾಯಿತು.

ಮಾಸಿಕದ ಕನ್ನಡ ಪುಟ ಇನ್ನು ಮುಂದೆ ನಾನು ಬರೆಯುವುದಿಲ್ಲ.

ವನಿತಾ

---

ಕೆಲಮಂಗಲ
15 ಸೆಪ್ಟೆಂಬರ್ 2024

ವನಿತಾಳಿಗೆ,

ನಮ್ಮಿಬ್ಬರ ನಡುವೆ ಬಂದು ರಾಜಿ ಮಾಡಿಸಲು ನಿನ್ನನ್ನು ಕರೆದವರು ಯಾರು?

ಅವರು ಗಣೇಶನ ಹಬ್ಬದ ಮಾರನೇ ದಿನ ಬಂದರು. ಬ್ಯಾಗು ತಂದಿದ್ದರು. ನಾನು ಯಾಕೆ ಬಂದಿರಿ ಎನ್ನಲಿಲ್ಲ, ಅವರು ಯಾಕೆ ಎಂದು ಹೇಳಲಿಲ್ಲ. ಊಟ ಮಾಡುತ್ತಾ, “ಎರಡು ಸಲ ಕೇಳಿದ್ಯಂತೆ” ಎಂದರು. “ಮೂರ್ನೇ ಸಲ ಕೇಳ್ಬೇಕಿತ್ತು” ಎಂದೆ. ಇಬ್ಬರೂ ತಟ್ಟೆ ಮುಂದೆ ಅತ್ತೆವು. ಇದನ್ನು ನಿನಗೆ ಖುಷಿಯಾಗಲಿ ಎಂದು ಬರೆಯುತ್ತಿಲ್ಲ. ನಿನ್ನಿಂದ ಒಡೆದದ್ದು ನಿನ್ನಿಂದಲೇ ಕೂಡಿತು ಎಂದು ತಿಳಿದುಕೊಳ್ಳಬೇಡ. ಈಗಲೂ ಅವರು ಆಗಾಗ ನನ್ನನ್ನು ನೋಡುವ ನೋಟದಲ್ಲಿ ಆ ಟೆಂಪೊ ನಿಂತಿರುತ್ತದೆ.

ಪುಟ ಬರೆಯುವುದು ಬಿಟ್ಟೆ ಎಂದು ಬರೆದಿದ್ದೀಯ. ಮುನಿಸಿಕೊಂಡು ಬಿಟ್ಟೆಯಾ? ನಾನು ಬೈದೆ ಎಂದು ನಿನಗೆ ಸಿಟ್ಟೇ? ಬರೆದರೆಷ್ಟು ಬಿಟ್ಟರೆಷ್ಟು. ಆಗಲೇ ಹಂಚಿದ ಪುಸ್ತಕಗಳು ಬಸ್ಸುಗಳಲ್ಲಿ ಓಡಾಡುತ್ತಿವೆ. ಅದನ್ನು ಓದಿದವರ ಮನಸ್ಸಿನಲ್ಲಿ ನಾನು ದಾರ ನಂಬಿ ಮಗಳನ್ನು ಸಾಯಿಸಿದ ದಡ್ಡಿಯಾಗಿಯೇ ಇದ್ದೇನೆ.

ಒಂದು ಕೇಳುತ್ತೇನೆ. ನನ್ನ ಮಗಳು ಸಾಯಲಿ ಎಂದು ನಿನ್ನ ದೇವರು ಬಯಸಿದನೇ? ಯೋಬ ಬೇಡ, ಮಾರ್ಥ ಬೇಡ. ನೀನು ಹೇಳು.

ಮಂಗಳಾ

---

ಕೃಷ್ಣಗಿರಿ
22 ಸೆಪ್ಟೆಂಬರ್ 2024

ಅಕ್ಕಾ,

ಇಲ್ಲ. ಬಯಸಲಿಲ್ಲ ಎಂದು ನಂಬಿದ್ದೇನೆ.

ಹಾಗಾದರೆ ಯಾಕೆ ತಡೆಯಲಿಲ್ಲ ಎನ್ನುತ್ತೀಯ. ಗೊತ್ತಿಲ್ಲ. ಹಿಂದೆ ಗೊತ್ತಿದೆ ಎಂದುಕೊಂಡಿದ್ದೆ, ಗೊತ್ತಿದ್ದವಳ ಹಾಗೆ ಬರೆದೆ. ಕುಲುಮೆ ಎಂದೆ, ಚಿನ್ನ ಎಂದೆ. ಅದು ಒಂದು ಮಗು ಎಂಬುದನ್ನೇ ಮರೆತೆ.

ಈಗ ಪ್ರಾರ್ಥನೆಗೆ ಕೂತರೆ ‘ಕರ್ತನೇ’ ಎಂಬುದರ ಮುಂದೆ ಮಾತು ಹೊರಡುವುದಿಲ್ಲ. ಆದರೂ ದಿನಾ ಕೂರುತ್ತೇನೆ. ಸತ್ಯವೇದದ ಕೀರ್ತನೆಗಳಲ್ಲಿ ಹೆಚ್ಚಿನವು ಅಳುತ್ತಾ ಶುರುವಾದರೂ ಕಡೆಗೆ ಸ್ತೋತ್ರಕ್ಕೆ ಬಂದು ಸೇರುತ್ತವೆ. ಒಂದು ಮಾತ್ರ ಸೇರುವುದಿಲ್ಲ, ಕತ್ತಲೆಯ ಮಾತಿನಲ್ಲೇ ನಿಂತುಹೋಗುತ್ತದೆ. ಹಿಂದೆ ಅದನ್ನು ದಾಟಿಸಿ ಮುಂದಿನದಕ್ಕೆ ಹೋಗುತ್ತಿದ್ದೆ. ಈಗ ಅದೊಂದೇ ಓದಲಾಗುವುದು. ಅಷ್ಟು ಕತ್ತಲಲ್ಲೂ ಆ ಮನುಷ್ಯ ಬೆನ್ನು ತಿರುಗಿಸಿ ಹೋಗಲಿಲ್ಲ, ದೇವರ ಜೊತೆಗೇ ಜಗಳವಾಡಿದ. ನನ್ನಲ್ಲಿ ಉಳಿದಿರುವ ನಂಬಿಕೆ ಅಷ್ಟೇ. ಅದನ್ನು ನಿನಗೆ ಕೊಡಲು ಬರುತ್ತಿಲ್ಲ. ಬಿಟ್ಟುಬಿಡಲೂ ನನ್ನಿಂದಾಗುತ್ತಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಬರುವ ತಿಂಗಳು ಹತ್ತೊಂಬತ್ತಕ್ಕೆ ಲೇಖಾ ಹೋಗಿ ವರ್ಷವಾಗುತ್ತದೆ. ಮನೆಯೊಳಗೆ ಬರುವುದಿಲ್ಲ. ಅವಳನ್ನು ಮಣ್ಣು ಮಾಡಿದ ಜಾಗಕ್ಕೆ ಬಂದು ಹೋಗಲೇ?

ವನಿತಾ

---

ಕೆಲಮಂಗಲ
12 ಅಕ್ಟೋಬರ್ 2024

ವನಿತಾಳಿಗೆ,

ಉತ್ತರ ಬರೆಯಬಾರದೆಂದೇ ಇದ್ದೆ. ಮೊನ್ನೆ ಸಂತೆಗೆ ಹೋದಾಗ ಪುಸ್ತಕ ಹಂಚುವ ಹೆಂಗಸು ಎದುರಾದಳು. ಗಂಗರತ್ನಮ್ಮ ಎಂದು ಅವಳ ಹೆಸರು. ನಾನು ಪುಸ್ತಕ ಬೇಡವೆಂದು ಕೈ ಆಡಿಸಿದೆ. ಅವಳು ನನ್ನ ಮುಖ ನೋಡಿ, “ನೀವು ವನಿತಮ್ಮನ ಅಕ್ಕ ಅಲ್ವಾ? ಮಖ ಹಂಗೇ ಐತೆ” ಎಂದು ಕೈ ಹಿಡಿದುಕೊಂಡಳು.

ನೀನು ಬರೆಯದೆ ಬಿಟ್ಟದ್ದನ್ನು ಈ ಸಲವೂ ಬೇರೆಯವರಿಂದ ಕೇಳಬೇಕಾಯಿತು. ನಿಜ ಸಂಗತಿಯನ್ನು ಎರಡು ಪುಟ ಬರೆದುಕೊಟ್ಟೆಯಂತೆ, ಜನರ ನಂಬಿಕೆ ಕೆಡುತ್ತದೆ ಎಂದು ನಿಮ್ಮ ಪಾಸ್ಟರು ಅಚ್ಚು ಹಾಕಿಸಲಿಲ್ಲವಂತೆ. ಭಾನುವಾರ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತು ಎಲ್ಲರ ಮುಂದೆ ಓದಿದೆಯಂತೆ. ಕೂತುಕೋ ಎಂದರೂ ಕೂರಲಿಲ್ಲವಂತೆ. “ತಾಯಿ ದಾರ ನಂಬಿ ಕೂತ್ಕೊಳ್ಲಿಲ್ಲ, ನನ್ ಮಾತು ನಂಬಿ ಕೂತ್ಕಂಡ್ಳು. ಮಕ್ಳಿಗೆ ಜ್ವರ ಬಂದ್ರೆ ಮೊದ್ಲು ಆಸ್ಪತ್ರೆಗೆ ಹೊಲ್ಡಿ, ಪ್ರಾರ್ಥ್ನೆ ದಾರೀಲಿ ಮಾಡಿ” ಎಂದೆಯಂತೆ. ಪುಟ ನೀನಾಗಿ ಬಿಟ್ಟದ್ದಲ್ಲ, ನಿನ್ನ ಕೈಯಿಂದ ಕಿತ್ತುಕೊಂಡದ್ದು. ನರೇಶ ಒಂದು ವಾರ ನಿನ್ನ ಜೊತೆ ಮಾತು ಬಿಟ್ಟನಂತೆ. ಈಗಲೂ ಪ್ರತಿ ಭಾನುವಾರ ಹೋಗಿ ಕಡೇ ಚಾಪೆಯಲ್ಲಿ ಕೂರುತ್ತೀಯಂತೆ, ಪಕ್ಕದಲ್ಲಿ ಯಾರೂ ಕೂರುವುದಿಲ್ಲವಂತೆ.

ಇದಕ್ಕೆ ನಾನು ಕರಗಿದೆ ಎಂದುಕೊಳ್ಳಬೇಡ. ಹತ್ತೊಂಬತ್ತಕ್ಕೆ ಬರಲಿ ಬಿಡು ಎಂದು ಹೇಳಿದವರು ನಿಮ್ಮ ಭಾವ. ಬಾ. ಆದರೆ ಬಾಯಿ ತೆರೆಯಬೇಡ. ಪುಸ್ತಕ ತರಬೇಡ. ನನ್ನ ಕೈ ಹಿಡಿಯಲು ಬರಬೇಡ.

ಮಂಗಳಾ

---

ಕೆಲಮಂಗಲ
21 ಅಕ್ಟೋಬರ್ 2024

ವನಿತಾ,

ಶನಿವಾರ ಬಂದೆ, ಹೋದೆ. ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಬೆಳಿಗ್ಗೆಯಿಂದ ನಾನು ಕಾಯುತ್ತಿದ್ದೆ. ನೀನು ಒಂದೇ ಒಂದು ವಾಕ್ಯ ಹೇಳಲಿ, ದೇವರ ಚಿತ್ತ ಎನ್ನಲಿ, ಎಲ್ಲರೆದುರು ಕಪಾಳಕ್ಕೆ ಬಾರಿಸಿ ಆಚೆ ಕಳುಹಿಸಬೇಕು ಎಂದು. ನೀನು ಹೇಳಲಿಲ್ಲ. ಬಿಸಿಲಲ್ಲಿ ಮಣ್ಣಿನ ಮೇಲೆ ಕೂತು ಅಲ್ಲಿ ಬೆಳೆದಿದ್ದ ಕಳೆ ಕಿತ್ತೆ. ಅವರು ಎಡೆ ಇಟ್ಟಾಗ ಎದ್ದು ದೂರ ನಿಂತೆ. ಎಡೆಗೆ ಇಟ್ಟದ್ದನ್ನು ನೀನು ತಿನ್ನುವುದಿಲ್ಲವೆಂದು, ಮುಂಚೆಯೇ ನಿನ್ನ ಪಾಲು ತೆಗೆದಿಡಲು ಅವರು ಹೇಳಿದ್ದರು. ತೆಗೆದಿಟ್ಟಿದ್ದೆ. ಸಿಟ್ಟಿನಲ್ಲೇ ತೆಗೆದಿಟ್ಟಿದ್ದೆ. ನೀನು ಜಗಲಿಯಲ್ಲಿ ಕೂತು ಉಂಡೆ, ತಟ್ಟೆ ತೊಳೆದಿಟ್ಟೆ, ಬಸ್ಸಿಗೆ ಹೋದೆ.

ನನ್ನ ಸಿಟ್ಟು ಹೋಗಿಲ್ಲ. ಹೋಗುತ್ತದೆ ಎಂದೂ ಹೇಳುವುದಿಲ್ಲ. ಆದರೆ ನಿನ್ನದೊಂದು ನನ್ನ ಹತ್ತಿರ ಉಳಿದುಬಿಟ್ಟಿದೆ. ಅದನ್ನು ಇಟ್ಟುಕೊಂಡು ಇನ್ನೊಂದು ವರ್ಷ ಕಳೆಯಲು ನನ್ನಿಂದಾಗದು.

ಆ ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎಂಟು ಗಂಟೆಗೆ ಲೇಖಾ ಕಣ್ಣು ಬಿಟ್ಟಳು. “ಚಿಕ್ಕಮ್ಮ ಎಲ್ಲಿ?” ಎಂದಳು. “ಊರಿಗೆ ಹೋದ್ಳು ಕಣಮ್ಮಿ” ಎಂದೆ. “ಬರಾಕೇಳು. ಹಣೆ ಮ್ಯಾಲೆ ಕೈ ಮಡ್ಗಿದ್ರೆ ತಣ್ಗಿರ್ತದೆ” ಎಂದಳು. ಆಮೇಲೆ ಅವಳು ಮಾತಾಡಲಿಲ್ಲ.

ಕಡೆಯಲ್ಲಿ ಅವಳು ಕೇಳಿದ್ದು ಪಕ್ಕದಲ್ಲಿದ್ದ ನನ್ನನ್ನಲ್ಲ, ನಿನ್ನನ್ನು. ಆ ಹೊಟ್ಟೆಯುರಿಗೆ ನಿನಗೆ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ. ಈ ಒಂದು ಮಾತು ನಿನಗೆ ಸೇರಬಾರದು ಎಂದು ವರ್ಷವಿಡೀ ಬಚ್ಚಿಟ್ಟೆ. ನಿನ್ನೆ ಅವರಿಗೆ ಹೇಳಿದೆ, ಇವತ್ತು ನಿನಗೆ ಬರೆಯುತ್ತಿದ್ದೇನೆ.

ತೆಗೆದುಕೋ, ಅದು ನಿನ್ನದು. ಯಾರ ಮುಂದೆಯೂ ಎದ್ದು ನಿಂತು ಹೇಳಬೇಡ. ನಿನ್ನ ದೇವರಿಗೆ ಬೇಕಾದರೆ ಹೇಳಿಕೋ. ಅವನು ಏನೆಂದ ಎಂದು ಮಾತ್ರ ನನಗೆ ಬರೆಯಬೇಡ.

ಮಂಗಳಾ